ಕೊನೇ ಗಾಡಿಯಿಂದ ಶುರು

ಬೆಂಗಳೂರಿನ ಉತ್ತರಕ್ಕಿರುವ ಸಿಂಗಾಪುರವೆಂಬ ಹಳ್ಳಿಯಿಂದ ಹೆಬ್ಬಾಳದ ಕಡೆಗೆ ಹೋಗುವ ದಾರಿಯಲ್ಲಿದ್ದ ಆ ರೈಲ್ವೆ ಗೇಟು ಮುಚ್ಚಿದರೆ ಫರೀದಾಳಿಗೆ ಏನೂ ಬೇಸರವಾಗುತ್ತಿರಲಿಲ್ಲ. ಅದು ತೆರೆದಾಗಲೇ ಅವಳ ಎದೆ ಹೊಡೆದುಕೊಳ್ಳುತ್ತಿದ್ದುದು.

ಇದು ಎಂಬತ್ತನಾಲ್ಕನೇ ಇಸವಿಯ ಮಾತು. ರೈಲು ಹಾದುಹೋಗಲು ಆರೇಳು ನಿಮಿಷ ಹಿಡಿದರೆ, ಅದು ಹೋದ ಮೇಲೆ ಜನ ಹಾದುಹೋಗಲು ಅರ್ಧ ಗಂಟೆ ಹಿಡಿಯುತ್ತಿತ್ತು. ಗೇಟು ಬಿದ್ದ ಕೂಡಲೇ ಮೊದಲು ಬಂದ ನಾಲ್ಕಾರು ಗಾಡಿಗಳು ಎಡಗಡೆ ಸಾಲಾಗಿ ನಿಲ್ಲುತ್ತಿದ್ದವು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಒಬ್ಬ ಸ್ಕೂಟರಿನವನು ಬಂದು, ಸಾಲನ್ನು ಒಮ್ಮೆ ನೋಡಿ, ಇವರೆಲ್ಲ ದಡ್ಡರು ಎಂಬಂತೆ ಬಲಗಡೆಯಿಂದ ನುಗ್ಗಿ ಗೇಟಿನ ಬುಡಕ್ಕೆ ಹೋಗಿ ನಿಲ್ಲುತ್ತಿದ್ದ. ಅವನ ಹಿಂದೆ ಆಟೋ. ಆಟೋದ ಹಿಂದೆ ಟೆಂಪೋ. ಟೆಂಪೋ ಹೋದ ಮೇಲೆ ಲಾರಿಯವನಿಗೆ ಸುಮ್ಮನಿರಲು ಏನಾಗಿದೆ? ಹಳಿಯ ಆಚೆ ಬದಿಯಲ್ಲೂ ಇದೇ ಕಥೆ. ಗೇಟು ಎದ್ದಾಗ ಎರಡು ಕಡೆಯವರೂ ಇಡೀ ರಸ್ತೆಯನ್ನು ತುಂಬಿಕೊಂಡು, ಮೂತಿಗೆ ಮೂತಿ ಕೊಟ್ಟು ನಿಂತಿರುತ್ತಿದ್ದರು. ಆಮೇಲೆ ಹಾರನ್ನು, ಬೈಗುಳ, ತಾಯಿ ತಂದೆಯರ ಸ್ಮರಣೆ.

ಫರೀದಾಳ ಮೆಟಡಾರ್ ವ್ಯಾನು ಎಡಗಡೆಯ ಸಾಲಿನಲ್ಲಿ ನಿಂತೇ ಇರುತ್ತಿತ್ತು. ಹಿಂದೆ ರಟ್ಟಿನ ಟ್ರೇಗಳಲ್ಲಿ ಆರು ಸಾವಿರ ಮೊಟ್ಟೆ. ಸಿಂಗಾಪುರ, ಅಟ್ಟೂರು ಸುತ್ತಮುತ್ತಲ ಕೋಳಿ ಶೆಡ್ಡುಗಳಿಂದ ಎತ್ತಿಕೊಂಡು ಎಂಟು ಗಂಟೆಯೊಳಗೆ ಶಿವಾಜಿನಗರದ ಮಾರ್ಕೆಟ್ಟಿಗೆ ಮುಟ್ಟಿಸಬೇಕು. ಮೊಟ್ಟೆ ಹೊತ್ತವರು ನುಗ್ಗುವಂತಿಲ್ಲ, ಗಕ್ಕನೆ ಬ್ರೇಕು ಒತ್ತುವಂತಿಲ್ಲ, ಗುಂಡಿಗೆ ಇಳಿಸುವಂತಿಲ್ಲ. ಆದ್ದರಿಂದ ಅವಳು ನಿಧಾನವಾಗಿ ಓಡಿಸುತ್ತಿದ್ದಳು, ಹಿಂದಿನವರು ಹಾರನ್ ಬಡಿಯುತ್ತಿದ್ದರು. ಪಕ್ಕಕ್ಕೆ ಬಂದು ಓವರ್‌ಟೇಕ್ ಮಾಡುವಾಗ ಒಳಗೆ ಬಗ್ಗಿ ನೋಡಿ, ಸ್ಟೀರಿಂಗ್ ಹಿಡಿದವಳು ಹೆಂಗಸು ಎಂದು ತಿಳಿದರೆ ಮುಗಿಯಿತು.

"ಅಮ್ಮಾ, ಕಾವು ಕೊಡ್ತಾ ಕೂತಿದ್ದೀರಾ? ಮರಿ ಆಗೋಗುತ್ತೆ!"

ದಿನಾ ಒಬ್ಬನಾದರೂ ಈ ಮಾತು ಹೇಳುತ್ತಿದ್ದ. ಪ್ರತಿಯೊಬ್ಬನೂ ಅದನ್ನು ತಾನೇ ಮೊದಲು ಹೇಳಿದೆ ಎಂದುಕೊಂಡು ನಗುತ್ತಿದ್ದ. ಫರೀದಾ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ರಸ್ತೆ ನೋಡುತ್ತಿದ್ದಳು.

ವ್ಯಾನು ಅವಳ ಗಂಡ ದಸ್ತಗೀರನದು. ಹನ್ನೊಂದು ವರ್ಷ ಅವನೇ ಓಡಿಸಿದ್ದ. ಎರಡು ವರ್ಷದ ಹಿಂದೆ ಇದೇ ಗೇಟಿನ ಹತ್ತಿರ, ಗೇಟು ಎದ್ದ ಗಡಿಬಿಡಿಯಲ್ಲಿ, ಎದುರಿಗೆ ಯಾರು ನಿಂತಿದ್ದಾರೆಂದು ನೋಡಲು ಅವನು ವ್ಯಾನಿನಿಂದ ಇಳಿದಿದ್ದ. ತಪ್ಪು ಬದಿಯಲ್ಲಿದ್ದ ಲಾರಿಯೊಂದು ಸಾಲಿನೊಳಗೆ ತೂರಲು ಹೋಗಿ ಅವನನ್ನು ವ್ಯಾನಿನ ಬಾಗಿಲಿಗೆ ಒತ್ತಿತ್ತು. ಎಡಗಾಲು ಎರಡು ಕಡೆ ಮುರಿದಿತ್ತು. ಮೂಳೆ ಕೂಡಿತು, ಆದರೆ ಕ್ಲಚ್ಚು ತುಳಿಯುವ ಬಲ ಮರಳಲಿಲ್ಲ. ಲಾರಿಯವನು ಯಾರೆಂದು ಯಾರೂ ನೋಡಿರಲಿಲ್ಲ. ಅಥವಾ ನೋಡಿದವರು ಹೇಳಲಿಲ್ಲ.

ಮೂರು ತಿಂಗಳು ಬಾಡಿಗೆ ಡ್ರೈವರುಗಳು ಬಂದು ಹೋದರು. ಒಬ್ಬ ಒಂದೇ ದಿನ ನಾನೂರು ಮೊಟ್ಟೆ ಒಡೆದ. ಆ ಸಂಜೆ ದಸ್ತಗೀರ್ ಹೆಂಡತಿಯನ್ನು ಕರೆದು, ಮನೆಮಾತಾದ ದಖ್ನಿ ಉರ್ದುವಿನಲ್ಲಿ, "ನೀನೇ ಕಲಿ. ನಾನು ಪಕ್ಕದಲ್ಲಿ ಕೂತು ಹೇಳಿಕೊಡುತ್ತೇನೆ" ಎಂದ. ಅವಳಿಗೆ ಮೂವತ್ನಾಲ್ಕು ವರ್ಷ. ಸೈಕಲ್ಲನ್ನೂ ತುಳಿದವಳಲ್ಲ. ಒಣಗಿದ ಕೆರೆಯ ಅಂಗಳದಲ್ಲಿ ಒಂದು ತಿಂಗಳು ಕಲಿತಳು. ಮನೆ ಇದ್ದ ಸಂದು ಎಷ್ಟು ಇಕ್ಕಟ್ಟೆಂದರೆ ವ್ಯಾನನ್ನು ಒಳಗೆ ತಿರುಗಿಸಲು ಆಗುತ್ತಿರಲಿಲ್ಲ. ದಿನಾ ಮುಖ್ಯ ರಸ್ತೆಯಿಂದ ಮನೆಯ ಬಾಗಿಲವರೆಗೆ, ಒಂದು ಕಡೆ ಪಕ್ಕದವರ ಗೋಡೆ, ಇನ್ನೊಂದು ಕಡೆ ಚರಂಡಿ, ಇವುಗಳ ನಡುವೆ ನೂರು ಮಾರು ಹಿಂದಕ್ಕೇ ಬರಬೇಕು. ಹಾಗಾಗಿ ಅವಳು ಮುಂದಕ್ಕೆ ಓಡಿಸುವುದಕ್ಕಿಂತ ಹಿಂದಕ್ಕೆ ಓಡಿಸುವುದನ್ನೇ ಚೆನ್ನಾಗಿ ಕಲಿತಳು. ಲೈಸೆನ್ಸಿಗೆ ಹೋದಾಗ ಇನ್ಸ್‌ಪೆಕ್ಟರು ಎಂಟು ಹಾಕಿಸಿ, ರಿವರ್ಸ್ ಹೊಡೆಸಿ, "ಯಾರಮ್ಮ ಕಲಿಸಿದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಹಿ ಹಾಕಿದ್ದರು.

ಡಿಸೆಂಬರಿನ ಒಂದು ಬೆಳಿಗ್ಗೆ, ಅವರೆಕಾಯಿ ಮೂಟೆಗಳು ರಸ್ತೆಗೆ ಬೀಳುವ ಕಾಲ, ಗೇಟು ಎಂದಿನಂತೆ ಎದ್ದಿತು, ಎಂದಿನಂತೆ ಎಲ್ಲರೂ ಸಿಕ್ಕಿಕೊಂಡರು. ಆದರೆ ಆವತ್ತು ಹೆಬ್ಬಾಳದ ಕಡೆಯಿಂದ ಇಟ್ಟಿಗೆ ತುಂಬಿದ ಟ್ರ್ಯಾಕ್ಟರೊಂದು ಹಳಿ ದಾಟಲು ಮುಂದೆ ಬಂದು, ಎದುರಿಗೆ ತಪ್ಪು ಬದಿಯಲ್ಲಿ ನಿಂತಿದ್ದ ಗಾಡಿಗಳಿಂದಾಗಿ ಅಲ್ಲೇ ನಿಂತುಬಿಟ್ಟಿತು. ಇಂಜಿನ್ನು ಹಳಿಯ ಈಚೆ, ಟ್ರೈಲರು ಹಳಿಯ ಮೇಲೆ. ಹಿಂದಕ್ಕೆ ಹೋಗೋಣವೆಂದರೆ ಬೆನ್ನಿಗೇ ಕಾರ್ಖಾನೆಯ ಬಸ್ಸು.

ಗೇಟ್‌ಮನ್ ಮುನಿರಾಮಯ್ಯನ ಗೂಡಿನಲ್ಲಿ ಫೋನು ಬಡಿದುಕೊಂಡಿತು. ಅವನು ಒಳಗೆ ಹೋದವನು ಕೆಂಪು ಬಾವುಟ ಹಿಡಿದು ಹೊರಗೆ ಬಂದ. ಐವತ್ತು ದಾಟಿದ ಮನುಷ್ಯ, ಮುಖ ಬೂದಿಯ ಹಾಗಾಗಿತ್ತು.

"ಗಾಡಿ ಯಲಹಂಕ ಬಿಟ್ಟೈತೆ! ತೆಗೀರ್ರಪ್ಪಾ! ಕೈ ಮುಗಿತೀನಿ, ತೆಗೀರಿ!" ಎಂದು ಕೂಗಿ, ಹಳಿಯ ಮೇಲೆಯೇ ಯಲಹಂಕದ ದಿಕ್ಕಿಗೆ ಓಡಿದ.

ಆಗ ಗಲಾಟೆ ದುಪ್ಪಟ್ಟಾಯಿತು. ಟ್ರ್ಯಾಕ್ಟರಿನವನು ಎದುರಿನ ಆಟೋದವನಿಗೆ ಹಿಂದಕ್ಕೆ ಹೋಗೆಂದು ಬೈದ. ಆಟೋದವನು ಹಿಂದಿನ ಟೆಂಪೋದವನಿಗೆ ಬೈದ. ಟೆಂಪೋದವನು ಹಿಂದೆ ತಿರುಗಿ ಕೈ ತೋರಿಸಿದ. ನೆರೆದ ಜನರೆಲ್ಲ ಟ್ರ್ಯಾಕ್ಟರಿನ ಸುತ್ತ ಗುಂಪಾಗಿ, ಒಬ್ಬೊಬ್ಬರೂ ಒಂದೊಂದು ಉಪಾಯ ಕೂಗುತ್ತಿದ್ದರು. ಫರೀದಾ ಒಂದು ಕ್ಷಣ ಅದನ್ನೆಲ್ಲ ನೋಡಿದಳು. ಎಲ್ಲರ ಮುಖವೂ ಮುಂದಕ್ಕಿತ್ತು. ಗಂಟು ಬಿಗಿದದ್ದು ಮುಂದೆ, ನಿಜ. ಆದರೆ ಅದನ್ನು ಬಿಚ್ಚಬೇಕಾದ ತುದಿ ಇರುವುದು ಹಿಂದೆ. ಅವಳು ಕೀಲಿ ಕಿತ್ತುಕೊಂಡು ಇಳಿದು, ಗುಂಪಿಗೆ ಬೆನ್ನು ಮಾಡಿ, ತಪ್ಪು ಬದಿಯ ಸಾಲಿನ ಉದ್ದಕ್ಕೂ ಹಿಂದಕ್ಕೆ ಓಡಿದಳು. ಹನ್ನೊಂದು ಗಾಡಿ. ಕೊನೆಯದು ಹಾಲಿನ ಕ್ಯಾನು ತುಂಬಿದ ಮೂರು ಚಕ್ರದ ಟೆಂಪೋ. ಅದರ ಡ್ರೈವರು ಬೀಡಿ ಸೇದುತ್ತ ಪೇಪರು ಓದುತ್ತಿದ್ದ.

"ಅಣ್ಣ, ಹಿಂದಕ್ಕೆ ತಗೊಳ್ಳಿ."

"ನಾನ್ಯಾಕಮ್ಮ? ಮುಂದಿನವ್ರಿಗೆ ಹೇಳೋಗಿ."

"ಮುಂದಿನವ್ರು ಹತ್ತೂ ಜನ ನಿಮ್ಮಿಂದ ನಿಂತಿದಾರೆ. ನೀವು ಹೋದ್ರೆ ಅವ್ರು ಹೋಗ್ತಾರೆ. ಹಳಿ ಮೇಲೆ ಟ್ರೈಲರ್ ಐತೆ, ರೈಲು ಬರ್ತಾ ಐತೆ. ತಗೊಳ್ಳಿ ಅಣ್ಣ, ನಾನು ಹಿಂದೆ ನೋಡ್ತೀನಿ."

ಅವನು ಪೇಪರು ಕೆಳಗಿಟ್ಟ. ತಾನು ಇಷ್ಟು ದೊಡ್ಡ ವ್ಯವಹಾರದ ಕೀಲಿ ಎಂದು ಅವನಿಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಬೀಡಿ ಎಸೆದು ಹಿಂದಕ್ಕೆ ತೆಗೆದ. ಫರೀದಾ ಅವನನ್ನು ಪಕ್ಕದ ಹೊಲದ ಬದುವಿಗೆ ಹತ್ತಿಸಿ, ಮುಂದಿನ ಲಾರಿಯ ಬಾಗಿಲು ಬಡಿದಳು. ಆಮೇಲೆ ಅದರ ಮುಂದಿನದು. ಹೊಸದಾಗಿ ಬಂದ ಗಾಡಿಗಳಿಗೆ ಎಡಕ್ಕೇ ನಿಲ್ಲಿ ಎಂದು ಕೈ ಅಡ್ಡ ಹಿಡಿದಳು. ಒಬ್ಬ "ನೀನ್ಯಾರಮ್ಮ ಹೇಳೋಕೆ?" ಎಂದ. ಅವಳಿಗೆ ಉತ್ತರ ಕೊಡಲು ಪುರಸೊತ್ತಿರಲಿಲ್ಲ, ಅವನಿಗೂ ಆಮೇಲೆ ಕೇಳಲು ಧೈರ್ಯವಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ತಿರುವಿನಾಚೆ ರೈಲು ಉದ್ದಕ್ಕೆ ಕೂಗಿತು. ಕೂಗಿದ್ದು ನಿಲ್ಲಲಿಲ್ಲ. ಮುನಿರಾಮಯ್ಯನ ಬಾವುಟ ಕಂಡಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಹನ್ನೊಂದನೆಯದಾಗಿ ಆಟೋ ಹಿಂದಕ್ಕೆ ಸರಿಯಿತು. ಟ್ರ್ಯಾಕ್ಟರು ಹೊಗೆ ಉಗುಳಿ, ಇಟ್ಟಿಗೆ ಉದುರಿಸುತ್ತ, ಹಳಿ ದಾಟಿ ಈಚೆ ಬಂತು.

ರೈಲು ಇನ್ನೂರು ಗಜ ದೂರದಲ್ಲಿ ನಿಂತಿತ್ತು. ಮುನಿರಾಮಯ್ಯ ಅದರ ಮುಂದೆ ಎರಡೂ ಕೈಯಲ್ಲಿ ಬಾವುಟ ಎತ್ತಿ ಹಿಡಿದು, ಇಳಿಸುವುದನ್ನೇ ಮರೆತಂತೆ ನಿಂತಿದ್ದ.

ಎಲ್ಲ ಸರಿಯಾದ ಮೇಲೆ ಅವನು ಗೂಡಿನ ಮೆಟ್ಟಿಲ ಮೇಲೆ ಕುಳಿತು ಚೊಂಬಿನಿಂದ ನೀರು ಕುಡಿದ. "ಇವತ್ತೇನೋ ಉಳ್ಕೊಂಡ್ವಿ ಕಣಮ್ಮ. ನಾಳೆನೂ ಇಂಗೇ. ನಾಡಿದ್ದೂ ಇಂಗೇ. ಒಂದಿನ ಆಗೇ ಓಯ್ತದೆ."

ಆ ಮಾತು ಫರೀದಾಳನ್ನು ಮಾರ್ಕೆಟ್ಟಿನವರೆಗೂ, ಮಾರ್ಕೆಟ್ಟಿನಿಂದ ಮನೆಯವರೆಗೂ ಬಿಡಲಿಲ್ಲ. ಮಧ್ಯಾಹ್ನ ಮನೆಯ ಹಿಂದಿದ್ದ ತಮ್ಮದೇ ಸಣ್ಣ ಕೋಳಿ ಶೆಡ್ಡಿನಲ್ಲಿ ನೀರು ಹಾಕುತ್ತಿದ್ದಾಗ ಸುಮ್ಮನೆ ನೆಲ ನೋಡಿದಳು. ಎಳೆಯ ಕೋಳಿಗಳನ್ನು ದೊಡ್ಡವುಗಳಿಂದ ಬೇರೆ ಮಾಡಲು ದಸ್ತಗೀರ್ ನೆಲದ ಮೇಲೆ ಒಂದು ಸಾಲು ಇಟ್ಟಿಗೆ ಜೋಡಿಸಿದ್ದ. ಒಂದು ಗೇಣು ಎತ್ತರ. ಯಾವ ಕೋಳಿ ಬೇಕಾದರೂ ಅದನ್ನು ಹಾರಬಹುದಿತ್ತು. ಯಾವುದೂ ಹಾರುತ್ತಿರಲಿಲ್ಲ.

"ರಸ್ತೆ ಮಧ್ಯೆ ಕಲ್ಲು ಇಟ್ಟರೆ?" ಎಂದು ಗಂಡನನ್ನು ಕೇಳಿದಳು.

ದಸ್ತಗೀರ್ ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೈಯಲ್ಲಿದ್ದುದನ್ನು ಟ್ರೇಗೆ ಇಟ್ಟ. "ಯಾರು ಇಡಬೇಕು?"

"ಯಾರೂ ಇಡಲ್ಲ ಅಂದ್ರೆ ನಾನು."

ಮೊದಲು ಕಾಗದ ಬರೆಸಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋದಳು. ಅಲ್ಲಿನ ಸಬ್‌ಇನ್ಸ್‌ಪೆಕ್ಟರು ಎರಡು ಸಲ ಓದಿ, ರಸ್ತೆ ಲೋಕೋಪಯೋಗಿಯವರದು, ಗೇಟು ರೈಲ್ವೆಯವರದು, ಎರಡರ ಮಧ್ಯೆ ನಿಲ್ಲುವ ಗಾಡಿಗಳು ಮಾತ್ರ ತಮ್ಮವು, ಅವನ್ನು ನೋಡಿಕೊಳ್ಳಲು ಪೇದೆಗಳಿಲ್ಲ ಎಂದು ವಿವರಿಸಿದರು. ಕೆಟ್ಟವರಲ್ಲ. ಅವಳು ಏಳುವಾಗ ದನಿ ತಗ್ಗಿಸಿ, "ಕಲ್ಲು ಇಟ್ರೆ ಇಡಿ. ನಾವು ನೋಡಿಲ್ಲ ಅನ್ಕೊಳ್ಳಿ" ಎಂದರು.

ಗೇಟಿನ ಪಕ್ಕದ ಜಮೀನು ನರಸಿಂಹಯ್ಯನವರದು. ಹಳೆಯ ಒಕ್ಕಲು ಮನೆತನ. ರಾಗಿ ಹೊಲವನ್ನು ಸೈಟು ಮಾಡುತ್ತಿದ್ದರು, ಹೊಸ ಮನೆಯ ಪಾಯಕ್ಕೆಂದು ಸೈಜುಗಲ್ಲು ತರಿಸಿ ರಾಶಿ ಹಾಕಿಸಿದ್ದರು. ಫರೀದಾ ಜಗುಲಿಯ ಕೆಳಗೆ ನಿಂತು ಸಂಗತಿ ಹೇಳಿದಳು.

"ಕೂತ್ಕೊಳ್ಳಮ್ಮ ಮೊದ್ಲು," ಎಂದರು ನರಸಿಂಹಯ್ಯ. ಮಜ್ಜಿಗೆ ತರಿಸಿದರು. "ಈ ಜನ ಕಲ್ಲಿಗೆ ಎದರ್ತಾರಾ? ಪೊಲೀಸ್ನೋರ್ಗೇ ಎದರಲ್ಲ."

"ಹೆದ್ರೋದು ಬೇಡ ಗೌಡ್ರೇ. ಗೆರೆ ಎಲ್ಲೈತೆ ಅಂತ ಕಂಡ್ರೆ ಸಾಕು. ಈಗ ಗೆರೆನೇ ಇಲ್ವಲ್ಲ, ಅದಕ್ಕೆ ಎಲ್ರೂ ತಮ್ದೇ ಅನ್ಕೊಂಡಿದಾರೆ."

ಅವರು ಮೀಸೆ ಎಳೆದುಕೊಂಡರು. ಅವರ ಎತ್ತಿನ ಗಾಡಿ ದಿನಾ ಆ ಗೇಟಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಹೋದ ತಿಂಗಳು ಒಬ್ಬ ಲಾರಿಯವನು ಅದರ ನೊಗವನ್ನೇ ಮುರಿದು ಹೋಗಿದ್ದ. "ಮೂಲೆ ಒಡೆದಿರೋ ಕಲ್ಲು ಒಂದು ನೂರಿಪ್ಪತ್ತು ಇರ್ಬೋದು. ತಗೊಂಡೋಗು. ಆಳುಗಳ್ನ ನಾನೇ ಕಳುಸ್ತೀನಿ. ಸುಣ್ಣ ನಿಂದು."

ಭಾನುವಾರ ಬೆಳಿಗ್ಗೆ ಕೆಲಸ ಹಿಡಿದು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿದರು. ಗೇಟಿನ ಎರಡೂ ಕಡೆ, ರಸ್ತೆಯ ನಟ್ಟನಡುವೆ, ಹಗ್ಗ ಹಿಡಿದು ಮೂರು ಮೂರು ಹೆಜ್ಜೆಗೆ ಒಂದರಂತೆ ಅರವತ್ತು ಅರವತ್ತು ಕಲ್ಲು. ಮುನಿರಾಮಯ್ಯ ಗೇಟು ಎತ್ತಿ ಇಳಿಸುವ ಬಿಡುವಿನಲ್ಲಿ ತಾನೇ ಕುಂಚ ಹಿಡಿದು ಸುಣ್ಣ ಬಳಿದ. ದಾರಿಹೋಕರು ನಿಂತು, ಯಾವ ಮಂತ್ರಿ ಬರುತ್ತಾರೆ ಎಂದು ಕೇಳಿದರು.

ಸೋಮವಾರ ಏಳು ಗಂಟೆಗೆ ಗೇಟು ಬಿತ್ತು. ಫರೀದಾ ಸಾಲಿನಲ್ಲಿ ಮೂರನೆಯವಳು. ಕನ್ನಡಿಯಲ್ಲಿ ನೋಡಿದಳು. ಒಬ್ಬ ಸ್ಕೂಟರಿನವನು ಬಂದ. ಅಭ್ಯಾಸದಂತೆ ಬಲಕ್ಕೆ ತಿರುಗಿಸಿದ. ಬಿಳಿ ಕಲ್ಲುಗಳ ಸಾಲು ನೋಡಿ ಕಾಲು ಕೆಳಗಿಟ್ಟ. ಅದರಾಚೆ ಖಾಲಿ ರಸ್ತೆ ಇತ್ತು, ಹೋಗಬಹುದಿತ್ತು. ಆದರೆ ಹೋದರೆ ಎಲ್ಲರಿಗೂ ಕಾಣುವಂತೆ ಒಬ್ಬನೇ ನಿಲ್ಲಬೇಕು. ಅವನು ತಲೆ ಕೆರೆದುಕೊಂಡು ಸಾಲಿನ ಹಿಂದಕ್ಕೆ ಹೋಗಿ ನಿಂತ. ಅವನ ಹಿಂದೆ ಆಟೋ ನಿಂತಿತು. ಆಟೋದ ಹಿಂದೆ ಟೆಂಪೋ.

ಗೇಟು ಎದ್ದಿತು. ಆಚೆಯವರು ಈಚೆ ಬಂದರು, ಈಚೆಯವರು ಆಚೆ ಹೋದರು. ಅಷ್ಟೇ. ಒಂದು ಹಾರನ್ನೂ ಇಲ್ಲ. ಹಳಿ ದಾಟಿದ ಮೇಲೆ ಫರೀದಾಳಿಗೆ ನಂಬಿಕೆಯೇ ಬರಲಿಲ್ಲ, ವ್ಯಾನು ಪಕ್ಕಕ್ಕೆ ನಿಲ್ಲಿಸಿ ಹಿಂತಿರುಗಿ ನೋಡಿದಳು. ಕೊನೆಯ ಗಾಡಿಯೂ ದಾಟಿದ ಮೇಲೆ ಮುನಿರಾಮಯ್ಯ ಗೂಡಿನ ಬಾಗಿಲಲ್ಲಿ ಕೈಗಡಿಯಾರ ಎತ್ತಿ ತೋರಿಸಿ, ನಾಲ್ಕು ಬೆರಳು ಆಡಿಸಿದ. ನಾಲ್ಕು ನಿಮಿಷ. ಅವಳು ಆವತ್ತು ಶಿವಾಜಿನಗರದವರೆಗೂ ತನ್ನಷ್ಟಕ್ಕೆ ನಗುತ್ತ ಹೋದಳು.

ಮಂಗಳವಾರ ಸರಿ ಹೋಯಿತು. ಬುಧವಾರವೂ. ಗುರುವಾರ ಮುನಿಕೃಷ್ಣಪ್ಪ ಬಂದ.

ಮುನಿಕೃಷ್ಣಪ್ಪ ಬಾಗಲಗುಂಟೆಯ ಕಡೆಯವನು. ಹೊಲ ಮಾರಿ ಜಲ್ಲಿ ಕ್ರಷರು ಹಾಕಿದ್ದ, ಲೇಔಟು ಮಾಡಿದ್ದ, ಆರು ಲಾರಿ ಇಟ್ಟಿದ್ದ. ಹೊಸ ಬಿಳಿ ಅಂಬಾಸಿಡರ್ ಕಾರನ್ನು ಡ್ರೈವರಿಗೆ ಕೊಡದೆ ತಾನೇ ಓಡಿಸುತ್ತಿದ್ದ. ಎಲ್ಲಿಯೂ ಯಾರ ಹಿಂದೆಯೂ ನಿಂತು ಅಭ್ಯಾಸವಿಲ್ಲದ ಮನುಷ್ಯ. ಆವತ್ತು ಸಾಲಿನಲ್ಲಿ ಹದಿನೈದು ಗಾಡಿ ನಿಂತಿದ್ದವು. ಅವನು ಹಾರನ್ ಒತ್ತಿಕೊಂಡೇ ಬಿಳಿ ಕಲ್ಲುಗಳ ಬಲಗಡೆಯಿಂದ ಬಂದು ಗೇಟಿನ ಬುಡದಲ್ಲಿ ನಿಂತ. ಯಜಮಾನ ಹೋದನೆಂದು ಅವನ ಎರಡು ಜಲ್ಲಿ ಲಾರಿಗಳೂ ಹಿಂದೆಯೇ ಬಂದವು. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಂದು ನಿಮಿಷವಾಗಿದ್ದರೆ ಅವರಲ್ಲೂ ಅರ್ಧ ಜನ ಬಲಕ್ಕೆ ತಿರುಗಿಸುತ್ತಿದ್ದರು. ಅಷ್ಟರಲ್ಲಿ ರೈಲು ಹೋಗಿ ಗೇಟು ಎದ್ದಿತು.

ಆಚೆಯ ಸಾಲಿನಲ್ಲಿ ಮೊದಲು ಇದ್ದುದು ಕಾರ್ಖಾನೆಯ ಬಸ್ಸು. ಅದರ ಡ್ರೈವರು ತನ್ನ ದಾರಿಯಲ್ಲಿ ಕಾರು ನಿಂತಿರುವುದನ್ನು ನೋಡಿ ಹಳಿ ದಾಟಲೇ ಇಲ್ಲ. ಆಚೆಯೇ ನಿಲ್ಲಿಸಿ ಇಂಜಿನ್ ಆರಿಸಿದ. ಕಿಟಕಿಗೆ ಮೊಣಕೈ ಊರಿ ಕುಳಿತ.

ಮುನಿಕೃಷ್ಣಪ್ಪ ಹಾರನ್ ಬಡಿದ. ಎಡಕ್ಕೆ ತೂರಿಕೊಳ್ಳೋಣವೆಂದರೆ ಹಳಿಯಂಚಿನವರೆಗೂ ಅಡ್ಡ ಕಲ್ಲು, ಅದರಾಚೆ ಸಾಲಿನ ಗಾಡಿಗಳು. ಬಲಕ್ಕೆ ಚರಂಡಿ.

ಫರೀದಾಳ ಮುಂದೆ ದಾರಿ ತೆರವಾಗಿತ್ತು. ಅವಳ ಸಾಲು ಸರಾಗವಾಗಿ ಚಲಿಸುತ್ತಿತ್ತು, ಗೇರು ಹಾಕಿ ಹೊರಟುಹೋಗಬಹುದಿತ್ತು. ಗೇಟಿನವರೆಗೆ ಬಂದಳು ಕೂಡ. ಆದರೆ ಇವತ್ತು ಈ ಮನುಷ್ಯ ಹೀಗೆಯೇ ದಾಟಿದರೆ ನಾಳೆ ಅರವತ್ತು ಕಲ್ಲು ಬರೀ ಅರವತ್ತು ಕಲ್ಲಾಗಿ ಉಳಿಯುತ್ತದೆ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ವ್ಯಾನನ್ನು ಎಡಗಡೆಯ ಮಣ್ಣಿಗೆ ಇಳಿಸಿ ನಿಲ್ಲಿಸಿದಳು. ಹಿಂದಿನವರಿಗೆ ಮುಂದೆ ಹೋಗಲು ಕೈ ಬೀಸಿದಳು. ಯಾರೂ ಹೋಗಲಿಲ್ಲ. ಎಲ್ಲರೂ ನಿಲ್ಲಿಸಿ ಇಳಿದರು. ಆಚೆ ಬಸ್ಸಿನಿಂದಲೂ ಟಿಫನ್ ಕ್ಯಾರಿಯರ್ ಹಿಡಿದ ಕಾರ್ಮಿಕರು ಇಳಿದು ಹಳಿಯ ಅಂಚಿಗೆ ಬಂದು ನಿಂತರು.

"ಏನಮ್ಮ ಬೂಬಮ್ಮ, ಈ ಕಲ್ಲು ಇಟ್ಟೋಳು ನೀನೇ ಅಂತೆ?" ಎಂದ ಮುನಿಕೃಷ್ಣಪ್ಪ ಕಾರಿನೊಳಗಿಂದಲೇ. "ಸರ್ಕಾರಿ ರೋಡು ಯಾರಪ್ಪಂದು? ತೆಗ್ಸು ಎಲ್ಡು ಕಲ್ಲ. ನಾನು ಆ ಕಡೀಕ್ ಬತ್ತೀನಿ."

"ಕಲ್ಲು ತೆಗೆಯಲ್ಲ ಅಣ್ಣ. ನೀವು ಹಿಂದಕ್ಕೆ ಹೋಗಿ, ಸಾಲಿನ ಕೊನೇಲಿ ಬನ್ನಿ."

"ನಾನು ಯಾರು ಗೊತ್ತಾ?"

"ಗೊತ್ತಣ್ಣ. ನೀವೂ ಗೇಟು ದಾಟ್ಬೇಕು, ನಾನೂ ದಾಟ್ಬೇಕು."

ಬಸ್ಸಿನವರಲ್ಲಿ ಯಾರೋ ಹೋ ಎಂದು ಕೂಗಿದರು. ಮುನಿಕೃಷ್ಣಪ್ಪ ಬಸ್ಸಿನ ಡ್ರೈವರಿಗೆ ಹಿಂದಕ್ಕೆ ಹೋಗುವಂತೆ ಕೈ ಮಾಡಿದ. ಡ್ರೈವರು ತನ್ನ ಹಿಂದಿನ ಉದ್ದ ಸಾಲನ್ನು ಹೆಬ್ಬೆರಳಿನಿಂದ ತೋರಿಸಿದ. "ನಮ್ ಶಿಫ್ಟು ಎಂಟಕ್ಕೆ. ಒಂದಿನ ಹಾಜರಿ ಹೋದ್ರೂ ಪರ್ವಾಗಿಲ್ಲ, ಇದನ್ನ ನೋಡ್ಕೊಂಡೇ ಹೋಗ್ತೀವಿ ಗುರು!" ಎಂದು ಅವನ ಪಕ್ಕದಲ್ಲಿದ್ದವನೊಬ್ಬ ಕೂಗಿದ.

ಫರೀದಾ ವಾದಕ್ಕೆ ನಿಲ್ಲಲಿಲ್ಲ. ಹಿಂದಿನ ಲಾರಿಗಳ ಕಡೆಗೆ ನಡೆದಳು. ಕೊನೆಯ ಲಾರಿಯ ಡ್ರೈವರು ಅವಳು ಬರುವುದನ್ನು ನೋಡಿ ತಲೆ ಹೊರಗೆ ಹಾಕಿದ.

"ನಮ್ ಯಜಮಾನ್ರು ಹೇಳ್ದೆ ನಾನು ಹೆಂಗಮ್ಮ ತೆಗೀಲಿ?"

"ನೀವು ತೆಗೀದೆ ಇದ್ರೆ ನಿಮ್ ಯಜಮಾನ್ರು ಇಲ್ಲೇ ಇರ್ಬೇಕಾಗ್ತದೆ. ಅವ್ರಿಗೆ ಉಪಕಾರ ಮಾಡಿ."

ಡ್ರೈವರು ಮುಂದಿನ ಕಾರನ್ನೊಮ್ಮೆ, ನೆರೆದ ಜನವನ್ನೊಮ್ಮೆ ನೋಡಿದ. ಅವನೂ ಈ ಗೇಟಿನಲ್ಲಿ ದಿನಾ ಬೈಸಿಕೊಳ್ಳುವವನೇ. ಗೇರು ಹಾಕಿ, ಕಲ್ಲಿಗೂ ಚರಂಡಿಗೂ ತಾಗದಂತೆ, ನಾಜೂಕಾಗಿ ಹಿಂದಕ್ಕೆ ತೆಗೆದುಕೊಂಡು ಹೋದ. ಇನ್ನೊಂದು ಲಾರಿ ಅವನನ್ನು ಹಿಂಬಾಲಿಸಿತು. ಈಗ ಕಾರಿನ ಹಿಂದೆ ನೂರೆಂಬತ್ತು ಹೆಜ್ಜೆ ಖಾಲಿ ರಸ್ತೆ.

ಮುನಿಕೃಷ್ಣಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಹಲ್ಲು ಕಚ್ಚಿಕೊಂಡು ರಿವರ್ಸ್ ಹಾಕಿದ. ಕಾರು ಎರಡು ಮಾರು ಹೋಗಿ ಕಲ್ಲಿನ ಕಡೆಗೆ ವಾಲಿತು. ಬಂಪರು ತಾಗಿ ಟಣ್ ಎಂದಿತು. ಮುಂದಕ್ಕೆ ಬಂದು ಮತ್ತೆ ಹೋದ. ಈ ಸಲ ಹಿಂದಿನ ಚಕ್ರ ಚರಂಡಿಯ ಅಂಚಿಗೆ ಹೋಗಿ ಮಣ್ಣು ಕುಸಿಯಿತು. ಮೂರನೆಯ ಸಲ ಮತ್ತೆ ಕಲ್ಲು. ಅವನ ಕುತ್ತಿಗೆಯ ಬೆವರು ಶರಟಿನ ಕಾಲರಿಗೆ ಇಳಿಯುತ್ತಿತ್ತು. ಹೊಸ ಕಾರು ಕೊಂಡು ಎಂಟು ತಿಂಗಳಾಗಿತ್ತು, ಅಷ್ಟು ದಿನವೂ ಅವನು ಬರೀ ಮುಂದಕ್ಕೆ ಹೋಗಿದ್ದ. ಹಿಂದಕ್ಕೆ ಹೋಗಬೇಕಾದವರು ಯಾವಾಗಲೂ ಎದುರಿನವರೇ ಆಗಿದ್ದರು.

ಜನ ನಗಲು ಶುರುಮಾಡಿದರು. ಫರೀದಾ ನಗಲಿಲ್ಲ. ಆ ಎರಡನೆಯ ಸಲ ಕಾರಿನ ಚಕ್ರ ಚರಂಡಿಗೆ ಜಾರಿದ್ದರೆ ಆಚೆಯ ಸಾಲೆಲ್ಲ ಅಲ್ಲೇ ಉಳಿಯುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಕಿಟಕಿಯ ಹತ್ತಿರ ಹೋಗಿ ಮೆಲ್ಲಗೆ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು.

"ಅಣ್ಣ, ಇಳೀರಿ. ನಾನು ತೆಗೆದುಕೊಡ್ತೀನಿ. ಇನ್ನು ಹತ್ತು ನಿಮಿಷಕ್ಕೆ ಇನ್ನೊಂದು ರೈಲೈತೆ."

ಅವನು ಅವಳನ್ನು ನೋಡಿದ. ಬೈಯುತ್ತಾನೆ ಎಂದುಕೊಂಡಳು. ಅವನು ಬಾಗಿಲು ತೆರೆದು ಇಳಿದ.

ಫರೀದಾ ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಕನ್ನಡಿ ಸರಿಮಾಡಿದಳು. ಎಡಗೈಯನ್ನು ಸೀಟಿನ ಬೆನ್ನಿನ ಮೇಲೆ ಚಾಚಿ, ಮೈ ತಿರುಗಿಸಿ, ಹಿಂದಿನ ಗಾಜಿನಲ್ಲಿ ರಸ್ತೆಯನ್ನು ನೋಡಿದಳು. ಮನೆಯ ಸಂದಿಗಿಂತ ಎರಡು ಅಡಿ ಅಗಲ ಹೆಚ್ಚೇ ಇತ್ತು. ಕ್ಲಚ್ಚು ಬಿಟ್ಟಳು. ಕಾರು ಹೊರಟಿತು. ಒಂದು ಕಡೆ ಬಿಳಿ ಕಲ್ಲುಗಳು ಒಂದಾದ ಮೇಲೊಂದು, ಒಂದೇ ಅಳತೆಯಲ್ಲಿ, ಸರಿದು ಹೋದವು. ಇನ್ನೊಂದು ಕಡೆ ಚರಂಡಿ ಅಷ್ಟೇ ಅಳತೆಯಲ್ಲಿ ಉಳಿಯಿತು. ಒಮ್ಮೆಯೂ ನಿಲ್ಲಿಸಲಿಲ್ಲ, ಒಮ್ಮೆಯೂ ಮುಂದಕ್ಕೆ ಬಂದು ತಿದ್ದಿಕೊಳ್ಳಲಿಲ್ಲ. ಬಳೆ ತೊಟ್ಟ ಬಲಗೈ ಸ್ಟೀರಿಂಗಿನ ಮೇಲೆ ಎರಡು ಬೆರಳಿನಷ್ಟು ಆಚೀಚೆ ಆಡುತ್ತಿತ್ತು, ಅಷ್ಟೇ. ಕಾರಿನ ಪಕ್ಕದಲ್ಲಿ ಮುನಿಕೃಷ್ಣಪ್ಪ ಪಂಚೆ ಎತ್ತಿಕಟ್ಟಿ, ಹೊಸ ಚಪ್ಪಲಿಯಲ್ಲಿ ಧೂಳು ಹೊಡೆಯುತ್ತ, ಅದರ ವೇಗಕ್ಕೆ ಸರಿಯಾಗಿ ನಡೆದು ಬರುತ್ತಿದ್ದ. ಸಾಲಿನಲ್ಲಿ ಉಳಿದಿದ್ದ ಗಾಡಿಗಳ ಜನರೆಲ್ಲರೂ ಅವನು ತಮ್ಮೆದುರು ಹಾದುಹೋಗುವುದನ್ನು ನೋಡಿದರು.

ಮೊದಲು ಚಪ್ಪಾಳೆ ತಟ್ಟಿದವನು ಯಾರೋ ಸ್ಕೂಟರಿನವನು. ಆಮೇಲೆ ಎಲ್ಲರೂ. ಹಳಿಯಾಚೆಯ ಕಾರ್ಮಿಕರು ಟಿಫನ್ ಕ್ಯಾರಿಯರುಗಳನ್ನು ಬಡಿದರು. ಬಸ್ಸಿನ ಡ್ರೈವರು ಉದ್ದಕ್ಕೆ ಹಾರನ್ ಒತ್ತಿದ. ಆ ಗೇಟಿನಲ್ಲಿ ಯಾರಾದರೂ ಸಂತೋಷಕ್ಕೆ ಹಾರನ್ ಒತ್ತಿದ್ದು ಅದೇ ಮೊದಲು.

ಸಾಲಿನ ಕಟ್ಟಕಡೆಯಲ್ಲಿ, ಎರಡು ಲಾರಿಗಳ ಹಿಂದೆ, ಕಾರನ್ನು ನೇರವಾಗಿ ನಿಲ್ಲಿಸಿ ಫರೀದಾ ಇಳಿದಳು. ಕೀಲಿಯನ್ನು ಮುನಿಕೃಷ್ಣಪ್ಪನ ಕೈಗಿಟ್ಟಳು. ಅವನು ಏದುಸಿರು ಬಿಡುತ್ತ, ಕಾರಿನ ಬಂಪರನ್ನು, ರಸ್ತೆಯನ್ನು, ಅವಳನ್ನು ನೋಡಿದ.

"ನಾನು ಮುಂದಕ್ಕೂ ಇಷ್ಟು ನೆಟ್ಟಗೆ ಓಡ್ಸಿಲ್ಲ ಕಣಮ್ಮ," ಎಂದ.

ಅವಳು ಆಗ ನಕ್ಕಳು. ಅವನಿಗೂ ತಡೆಯಲಾಗಲಿಲ್ಲ. ತಲೆ ಅಲ್ಲಾಡಿಸುತ್ತ ಕಾರು ಹತ್ತಿ, ಕೊನೆಯವನಾಗಿ ಹಳಿ ದಾಟಿದ. ಮರುದಿನದಿಂದ ಅವನ ಆರೂ ಲಾರಿಗಳು ಎಡಕ್ಕೇ ನಿಂತವು. ಆರು ಲಾರಿ ನಿಂತ ಮೇಲೆ ಅವುಗಳನ್ನು ಸುತ್ತಿ ಬರುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ತಿಂಗಳು ಕಳೆಯುವ ಹೊತ್ತಿಗೆ ಕಲ್ಲುಗಳ ಅವಶ್ಯಕತೆಯೇ ಅಷ್ಟಾಗಿ ಉಳಿಯಲಿಲ್ಲ. ಹೊಸಬರು ಯಾರಾದರೂ ಬಲಕ್ಕೆ ತಿರುಗಿಸಿದರೆ ಸಾಲಿನವರೇ ಕೂಗಿ ಹಿಂದಕ್ಕೆ ಕಳಿಸುತ್ತಿದ್ದರು. ಕಾವು ಕೊಡುವ ಮಾತು ಫರೀದಾಳ ಕಿವಿಗೆ ಮತ್ತೆ ಬೀಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಬಿಳಿ ಅಂಬಾಸಿಡರ್ ಸಿಂಗಾಪುರದ ಸಂದಿನ ಬಾಯಿಗೆ ಬಂದು ನಿಂತಿತು. ಲಾರಿಯ ಡ್ರೈವರೊಬ್ಬ ಓಡಿಸಿಕೊಂಡು ಬಂದಿದ್ದ. ಹಿಂದಿನ ಸೀಟಿನಿಂದ ದಪ್ಪ ಸರ ಹಾಕಿದ, ಐವತ್ತರ ಹತ್ತಿರದ ಹೆಂಗಸೊಬ್ಬರು ಎಳ್ಳು ಬೆಲ್ಲದ ಡಬ್ಬಿ ಹಿಡಿದು ಇಳಿದರು.

"ನಾನು ಪಟಾಲಮ್ಮ ಅಂತ. ಮುನಿಕೃಷ್ಣಪ್ಪನೋರ ಮನೆಯೋರು," ಎಂದರು. ಚಾಪೆಯ ಮೇಲೆ ಕುಳಿತು, ಚಹಾ ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು ವಿಷಯಕ್ಕೆ ಬಂದರು. "ನಮ್ ಯಜಮಾನ್ರು ಗೇಟ್ ಕತೆ ಹೇಳಿದ್ರು. ಪೂರ್ತಿ ಹೇಳಿಲ್ಲ ಬಿಡು, ಮಿಕ್ಕಿದ್ದು ಡ್ರೈವರ್ ಹೇಳ್ದ. ಫರೀದಮ್ಮ, ನಂಗೆ ಕಲಿಸ್ತೀಯಾ? ಒಂಬತ್ತು ತಿಂಗಳಿಂದ ಆವಪ್ಪನ ಪಕ್ಕ ಕೂತು ಕಣ್ಣು ಮುಚ್ಕೊಂಡು ಓಗ್ತಾ ಇದೀನಿ."

ಒಳಗೆ ಕುಳಿತಿದ್ದ ದಸ್ತಗೀರ್ ಗಟ್ಟಿಯಾಗಿ ನಕ್ಕ. ಫರೀದಾ ಎದ್ದು ಚಪ್ಪಲಿ ಮೆಟ್ಟಿದಳು. ಡ್ರೈವರನ್ನು ಚಹಾಕ್ಕೆ ಕೂರಿಸಿ, ಪಟಾಲಮ್ಮನನ್ನು ಮುಂದಿನ ಸೀಟಿನಲ್ಲಿ, ಸ್ಟೀರಿಂಗಿನ ಹಿಂದೆ ಕೂರಿಸಿದಳು. ತಾನು ಪಕ್ಕದಲ್ಲಿ ಕುಳಿತು ಬಾಗಿಲು ಎಳೆದುಕೊಂಡಳು.

"ಮೊದ್ಲು ಯಾವ ಗೇರು?" ಎಂದರು ಪಟಾಲಮ್ಮ, ಎರಡೂ ಕೈಯಲ್ಲಿ ಸ್ಟೀರಿಂಗನ್ನು ರಾಗಿಕಲ್ಲಿನ ಗೂಟದ ಹಾಗೆ ಬಿಗಿಯಾಗಿ ಹಿಡಿದು.

"ರಿವರ್ಸ್ ಅಕ್ಕ," ಎಂದಳು ಫರೀದಾ. "ಮುಂದಿಂದು ನಾಳೆ ನೋಡೋಣ."